ಫೋರ್ಡ್ ಮಾಡೆಲ್ ಟಿ: ಕಿಡಿಯ ಸಮಯ ಹೊಂದಿಸುವಿಕೆ

ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಿಡಿ ಹಾರುವ ಗಳಿಗೆಯನ್ನು ಚಾಲಕನೇ ನಿರ್ಧರಿಸಬೇಕಿತ್ತು. ಸ್ಟೀರಿಂಗ್ ಕೆಳಗಿನ ಎಡ ಲಿವರ್ ಕಿಡಿಗೆ, ಬಲದ್ದು ಥ್ರಾಟಲ್‌ಗೆ. ಪ್ರತಿ ಸಿಲಿಂಡರಿಗೂ ಕಿಡಿ ಹುಟ್ಟಿಸುವ ಒಂದೊಂದು ಕಾಯಿಲ್. ಎಂಜಿನ್ನಿನ ಮುಂಭಾಗದ ಟೈಮರ್ 1-2-4-3ರ ಸರದಿಯಲ್ಲಿ ಅವುಗಳನ್ನು ಚಾಲೂಗೊಳಿಸುತ್ತದೆ.

ಸಮಯ ಹೊಂದಿಸುವಾಗ ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಎಡ ಲಿವರನ್ನು ಪೂರ್ತಿ ಮೇಲಕ್ಕೆ, ಅಂದರೆ ಕಿಡಿ ಅತಿ ತಡವಾಗುವ ಸ್ಥಾನಕ್ಕೆ ಸರಿಸಬೇಕು. ಸ್ವಿಚ್ಚನ್ನು ಬ್ಯಾಟರಿಯ ಕಡೆಗಿಟ್ಟು ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ, ಮೊದಲ ಸಿಲಿಂಡರಿನ ಪಿಸ್ಟನ್ ಸಂಪೀಡನದ ತುದಿ ಮುಟ್ಟಿ, ಕ್ರ್ಯಾಂಕ್ ಸುಮಾರು 15 ಡಿಗ್ರಿ ದಾಟಿದ ಮೇಲೆಯೇ ಅದರ ಕಾಯಿಲ್ ಗುಂಯ್‌ಗುಡಬೇಕು. ಮುಂಚೆಯೇ ಸದ್ದಾದರೆ ಟೈಮರಿನ ಕಂಬಿಯನ್ನು ತುಸು ಬಗ್ಗಿಸಿ ಸರಿಪಡಿಸುವುದು ರೂಢಿ.

ಈ ತಡದಲ್ಲಿ ಎಳ್ಳಷ್ಟೂ ರಿಯಾಯಿತಿ ಸಲ್ಲದು. ಪಿಸ್ಟನ್ ಮೇಲೇರುತ್ತಿರುವಾಗಲೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದ್ದು, ಅದನ್ನು ಚಾಲೂ ಮಾಡಲು ಹ್ಯಾಂಡಲ್ ಹಿಡಿದವರ ಮಣಿಕಟ್ಟು ಮುರಿಯಬಹುದು. ಹ್ಯಾಂಡಲನ್ನು ಎಡಗೈಯಿಂದ, ಹೆಬ್ಬೆರಳು ಸುತ್ತಿ ಹಿಡಿಯದೆ, ಮೇಲ್ಮುಖವಾಗಿ ಎಳೆಯಬೇಕೆಂಬ ಹಳೆಯ ಎಚ್ಚರಿಕೆ ಇಂದಿಗೂ ಪಾಲಿಸತಕ್ಕದ್ದು.

ಎಂಜಿನ್ ಚಾಲೂ ಆದ ಮೇಲೆ ಲಿವರನ್ನು ಕೆಳಗಿಳಿಸಿ ಕಿಡಿಯನ್ನು ಮುಂಚಿತಗೊಳಿಸುತ್ತಾರೆ. ಮಿಶ್ರಣ ಉರಿಯಲು ಒಂದಿಷ್ಟು ಹೊತ್ತು ಬೇಕೇ ಬೇಕು. ವೇಗ ಏರಿದಂತೆ ಅಷ್ಟರಲ್ಲಿ ಕ್ರ್ಯಾಂಕ್ ಹೆಚ್ಚು ದೂರ ತಿರುಗಿರುತ್ತದೆ. ಏರುದಾರಿಯಲ್ಲಿ ಎಂಜಿನ್ ಬಡಿದುಕೊಳ್ಳತೊಡಗಿದರೆ ಲಿವರನ್ನು ಸ್ವಲ್ಪ ಮೇಲಕ್ಕೆ ತರಬೇಕು.