ಹದಿನೇಳರ ಭಾಷಣಕ್ಕೆ ಮುನ್ನ

ಸೆಪ್ಟೆಂಬರ್ 17ರಂದು ಆಳಂದದ ಕಾಲೇಜೊಂದರಲ್ಲಿ ಹೈದರಾಬಾದ್ ವಿಮೋಚನೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, 17ರಂದು ನಿಜಾಮ ಶರಣಾದ. ಇಷ್ಟಕ್ಕೆ ಆಧಾರ ಸುಲಭವಾಗಿ ಸಿಕ್ಕಿತು.

ಅಫಜಲಪುರದ ಹಿರಿಯರೊಬ್ಬರು, ರಜಾಕಾರರಿಗೆ ಹೆದರಿ ತಮ್ಮ ಮನೆಮಂದಿ ಭೀಮೆ ದಾಟಿ ಬಿಜಾಪುರದ ಕಡೆ ಹೋದದ್ದನ್ನು ಹೇಳಿದರು. ಜೇವರ್ಗಿಯ ಅಜ್ಜಿಯೊಬ್ಬರು ಹೇಳಿದ್ದು ಒಂದೇ ಮಾತು: “ಪೊಲೀಸ್ ಆ್ಯಕ್ಷನ್ ಆದಮ್ಯಾಲ ಅಬ್ಬಾ ಹೊಳ್ಳಿ ಬರ್ಲೇ ಇಲ್ಲಪ್ಪ.”

ಅಜ್ಜಿಯ ಮಾತಿಗೆ ದಾಖಲೆ ಹುಡುಕಿದೆ. ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗಿರಲಿಲ್ಲ. ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ರಾಜ್ಯದಲ್ಲಿ ಕನಿಷ್ಠ 27ರಿಂದ 40 ಸಾವಿರ ಜನ ಸತ್ತರೆಂದು ಅದರ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು.

ಅಂದಾಜು ಎಣಿಕೆಯಲ್ಲ. ವರದಿಯಿಂದ ಅಜ್ಜಿಯ ತಂದೆಗೆ ಏನಾಯಿತೆಂದು ತಿಳಿಯದು. ಅಜ್ಜಿಯ ನೆನಪಿನಿಂದ ಜಿಲ್ಲೆಯ ಲೆಕ್ಕ ಸಿಗದು. ಆದರೆ ಎರಡೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ.

ಅಫಜಲಪುರದ ಕಥೆಯೊಂದನ್ನೇ ಹೇಳಿದ್ದರೆ ಅದರಲ್ಲಿ ಒಂದು ವಾಕ್ಯವೂ ಸುಳ್ಳಾಗಿರುತ್ತಿರಲಿಲ್ಲ. ಆದರೂ ಭಾಷಣ ಸುಳ್ಳಾಗುತ್ತಿತ್ತು. ಎರಡನ್ನೂ ಹೇಳಿದೆ, ಅಂಕಿಯ ಮುಂದೆ ‘ಅಂದಾಜು’ ಎಂಬ ಪದವನ್ನು ಬಿಡಲಿಲ್ಲ.