ಸೊಳ್ಳೆಯ ನೆಲೆಗಳೂ ಊರವರ ಹೊಣೆಯೂ

ಮಲೇರಿಯಾ ನಿವಾರಣೆಯ ಚರಿತ್ರೆಯನ್ನು ಔಷಧಗಳ ಚರಿತ್ರೆಯೆಂದು ಬರೆಯುವುದೇ ವಾಡಿಕೆ. ಆದರೆ ಸೊಳ್ಳೆ ಹುಟ್ಟುವುದು ನೀರಿನಲ್ಲಿ. ಆ ನೀರು ನಿಂತಿರುವುದು ಊರವರ ಬಾವಿಯಲ್ಲಿ, ಕಾಲುವೆಯಲ್ಲಿ, ಮನೆಯ ತೊಟ್ಟಿಯಲ್ಲಿ. ಆದಕಾರಣ ಈ ಚರಿತ್ರೆಯಲ್ಲಿ ಊರವರ ಪಾತ್ರವೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೈಸೂರು ಸಂಸ್ಥಾನದಲ್ಲಿ 1920ರ ದಶಕದ ಕೊನೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ಆರಂಭವಾಯಿತು. ಅದರ ಕ್ಷೇತ್ರಗಳಲ್ಲಿ ಹಿರಿಯೂರೂ ಒಂದು. ಹಿರಿಯೂರಿರುವ ಚಿತ್ರದುರ್ಗ ಜಿಲ್ಲೆಗೇ 1997ರವರೆಗೆ ದಾವಣಗೆರೆ, ಹರಿಹರ ಮತ್ತು ಗುತ್ತೂರುಗಳು ಸೇರಿದ್ದವು. 1928ರಲ್ಲಿ ಡಾ. ಬಿ. ಎ. ರಾವ್ ಅವರು ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯಾ ಮೀನನ್ನು ಇಟಲಿಯಿಂದ ತರಿಸಿದರು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಮೊದಲಾದ ಮೇಲೆ ಡಿ.ಡಿ.ಟಿ. ಸಿಂಪಡಣೆಗೆ ಪ್ರಾಧಾನ್ಯ ದೊರೆಯಿತು. ಮನೆಯವರ ಕೆಲಸ ಬಾಗಿಲು ತೆರೆದುಕೊಡುವಷ್ಟಕ್ಕೆ ಸೀಮಿತವಾಯಿತು. 1961ರಲ್ಲಿ ದೇಶದ ರೋಗಿಗಳ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿದಿತ್ತು; 1976ರಲ್ಲಿ ಅದು 64 ಲಕ್ಷವನ್ನು ಮೀರಿತು. ಸೊಳ್ಳೆಗಳು ಕೀಟನಾಶಕವನ್ನು ತಾಳಿಕೊಳ್ಳುವ ಶಕ್ತಿ ಪಡೆದದ್ದೂ ಮೇಲ್ವಿಚಾರಣೆ ಸಡಿಲವಾದದ್ದೂ ಇದಕ್ಕೆ ಕಾರಣಗಳು.

ಆಗ ದೃಷ್ಟಿ ಮತ್ತೆ ನೀರಿನ ಕಡೆಗೆ ಹೊರಳಿತು. 2001ರ ಡಿಸೆಂಬರಿನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎರಡು ವಾರ ಸಂಜೆಯ ಹೊತ್ತು ಕಲಾಜಾಥಾ ನಡೆಯಿತು. 30 ಮಂದಿ ಸ್ಥಳೀಯ ಕಲಾವಿದರು ಹಾಡು ನಾಟಕಗಳಿಂದ ಮಲೇರಿಯಾದ ವಿಷಯ ತಿಳಿಸಿದರು. ಎರಡು ತಿಂಗಳ ಅನಂತರ ಪರೀಕ್ಷಿಸಿದಾಗ, ಮಲೇರಿಯಾ ಸೊಳ್ಳೆ ಶುದ್ಧವಾದ ನೀರಿನಲ್ಲಿಯೂ ಹುಟ್ಟುವುದೆಂಬುದನ್ನು ನೋಡಿದವರು ಗ್ರಹಿಸಿದ್ದರು. 2002ರಲ್ಲಿ ಮೀನು ಬಿಡುವ ಕಾರ್ಯಕ್ಕೆ ಗ್ರಾಮಸ್ಥರು ಕೈಗೂಡಿಸಿದರು. ರೋಗವೂ ಗಮನಾರ್ಹವಾಗಿ ಇಳಿಯಿತು. ಆದರೆ ನಿತ್ಯದ ನೈರ್ಮಲ್ಯದ ಅಭ್ಯಾಸಗಳು ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲ.

ಈ ವ್ಯತ್ಯಾಸವೇ ನಮಗೆ ಮುಖ್ಯವಾದ ಪಾಠ. ಊರ ಬಾವಿಗೆ ಮೀನು ಬಿಡುವುದು ಎಲ್ಲರೂ ಕೂಡಿ ಒಮ್ಮೆ ಮಾಡಬಹುದಾದ ಕೆಲಸ. ಮನೆಯ ನೀರನ್ನು ಕಾಯುವುದಾದರೋ ಪ್ರತಿಯೊಬ್ಬರೂ ಬೇರೆಬೇರೆಯಾಗಿ, ಎಡೆಬಿಡದೆ ಮಾಡಬೇಕಾದದ್ದು. ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿ, ಡ್ರಮ್ಮು, ಹಳೆಯ ಟೈರುಗಳೇ ನೆಲೆ. ಅದರ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲುದು. ಆದುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಪಾತ್ರೆಯನ್ನು ಉಜ್ಜಿ ತೊಳೆದು ಮುಚ್ಚಿಡಬೇಕು. ಗುತ್ತೂರಿನಂತಹ ಊರುಗಳಲ್ಲಿ ಈ ಕೆಲಸಕ್ಕೆ ಸರ್ಕಾರ ತಿಳಿವಳಿಕೆಯನ್ನೂ ಸಲಕರಣೆಯನ್ನೂ ಒದಗಿಸಬಹುದು. ತೊಟ್ಟಿಯನ್ನು ತೊಳೆಯುವ ಕೈ ಮಾತ್ರ ಆ ಮನೆಯದೇ ಆಗಿರಬೇಕು.