ವಿಡಿಯೋ ಗೇಮ್ ಯೋಜನೆಯ ವ್ಯಾಪ್ತಿ ನಿಯಂತ್ರಣ
ಕೈಯಲ್ಲಿರುವ ಹಣ, ಜನ, ಕಾಲಕ್ಕೆ ತಕ್ಕಂತೆ ಆಟದ ಗಾತ್ರವನ್ನು ಗೊತ್ತುಮಾಡಿ, ಕೆಲಸದ ನಡುವೆ ಅದು ಉಬ್ಬದಂತೆ ತಡೆಯುವ ಕ್ರಮ. ತೆರೆದು ಮುಚ್ಚುವ ಬಾಗಿಲೊಂದನ್ನು ಸೇರಿಸುವುದು ಮೇಲ್ನೋಟಕ್ಕೆ ಚಿಲ್ಲರೆ ಕೆಲಸ. ಆದರೆ ಅದಕ್ಕೆ ಚಿತ್ರ, ಚಲನೆ, ಸದ್ದು ಬೇಕು. ಶತ್ರುಗಳು ಅದನ್ನು ದಾಟಬಹುದೇ ಎಂದು ತೀರ್ಮಾನಿಸಬೇಕು. ಆಟ ಉಳಿಸಿ ಮತ್ತೆ ಶುರುಮಾಡಿದಾಗ ಬಾಗಿಲು ಬಿಟ್ಟಲ್ಲೇ ಇರಬೇಕು. ಹೀಗೆ ಒಂದೊಂದೇ ಆಸೆ ಸೇರಿ ಗಡುವು ಜಾರುತ್ತದೆ. 1997ರಲ್ಲಿ ಘೋಷಿಸಿದ ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಹೊರಬಂದದ್ದು 2011ರಲ್ಲಿ. ಒಂದೇ ಹಂತವನ್ನು ಪೂರ್ತಿ ಆಡುವಂತೆ ಮೊದಲು ಕಟ್ಟಿ, ಅದಕ್ಕೆ ತಗುಲಿದ ಕಾಲದಿಂದ ಉಳಿದುದನ್ನು ಅಳೆಯುವುದು ನಂಬಬಹುದಾದ ದಾರಿ.

ಅದೇ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಹಾಸಿಗೆ ಇದ್ದಷ್ಟೇ ಕಾಲು ಚಾಚಿತು: ‘ಫೋರ್ಜಾ ಮೋಟರ್‌ಸ್ಪೋರ್ಟ್’ನಂಥ ಬೇರೆಯವರ ಆಟಗಳಿಗೆ ಕಲಾಕೆಲಸ ಮಾಡಿಕೊಡುತ್ತ ಎರಡು ದಶಕ ಬಾಳಿತು. ವಿಚಿತ್ರವೆಂದರೆ, ಪೆಟ್ಟು ಬಂದದ್ದು ಯಜಮಾನರ ಕಡೆಯಿಂದ. ಅದನ್ನು ಕೊಂಡಿದ್ದ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2018ರಲ್ಲಿ ತನ್ನ ‘ವಾಕಿಂಗ್ ಡೆಡ್’ ಆಟ ಸೋತು ಹಣದ ಮುಗ್ಗಟ್ಟಿಗೆ ಸಿಕ್ಕಿ, 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು.